ಪುಟ ತೆರೆಯುವ ಪರೀಕ್ಷೆಯ ಅವಧಿಯನ್ನು ಕಡಿಮೆ ಮಾಡಿದ ಬಗ್ಗೆ

ನೇತ್ರ ಶಸ್ತ್ರಚಿಕಿತ್ಸಾ ಸರದಿ ಇಲಾಖೆಯ ಜಾಲಪುಟವು ಪೂರ್ತಿಯಾಗಿ ತೆರೆದುಕೊಳ್ಳಲು ನಾಲ್ಕು ನಿಮಿಷ ಹತ್ತು ಸೆಕೆಂಡು ಬೇಕು. ಸಾರ್ವಜನಿಕರ ಸುರಕ್ಷತೆಯ ಹಿತದೃಷ್ಟಿಯಿಂದ, ಮೂರು ನಿಮಿಷಗಳವರೆಗೆ ಯಾರೂ ಏನನ್ನೂ ಒತ್ತದಿದ್ದಲ್ಲಿ ಸದರಿ ಪುಟವು ತಾನಾಗಿಯೇ ಮುಚ್ಚಿಕೊಳ್ಳತಕ್ಕದ್ದು. ಒತ್ತಬೇಕಾದ ಗುಂಡಿ ಇರುವುದು ಪುಟದ ಕೊಟ್ಟಕೊನೆಯಲ್ಲಿ. ಅದು ಎಲ್ಲಕ್ಕಿಂತ ಕಡೆಗೆ ಕಾಣಿಸಿಕೊಳ್ಳುತ್ತದೆ. ಈ ಸಂಗತಿಗಳು ಬೇರೆ ಬೇರೆ ಕಡತಗಳಲ್ಲಿ ದಾಖಲಾಗಿದ್ದು, ಆ ಕಡತಗಳು ಬೇರೆ ಬೇರೆ ಬೀರುಗಳಲ್ಲಿ ಇದ್ದುದರಿಂದ ಅವುಗಳ ನಡುವೆ ಎಂದೂ ಮನಸ್ತಾಪ ಬಂದಿರಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಳ್ಳುವವರೆಲ್ಲ ಈ ಪುಟದ ಮೂಲಕವೇ ದಿನಾಂಕ ಪಡೆಯತಕ್ಕದ್ದು ಎಂಬ ಆದೇಶ ಹೊರಟು ಏಳು ತಿಂಗಳಾಗಿತ್ತು. ಏಳು ತಿಂಗಳಲ್ಲಿ ಒಬ್ಬರಿಗೂ ದಿನಾಂಕ ಸಿಕ್ಕಿರಲಿಲ್ಲ. ದಿನಾಂಕ ಸಿಕ್ಕವರನ್ನು ಮಾತ್ರ ಎಣಿಸುತ್ತಿದ್ದುದರಿಂದ ಸರದಿಯಲ್ಲಿ ಕಾಯುತ್ತಿರುವವರ ಸಂಖ್ಯೆ ಸೊನ್ನೆಗೆ ಇಳಿದು, ಮೇಲಿನ ಕಚೇರಿಯಿಂದ ಮೆಚ್ಚುಗೆ ಪತ್ರ ಬಂದಿತ್ತು. ನಿರ್ದೇಶಕರು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದರು.

ಪುಟ ಎಷ್ಟು ಹೊತ್ತಿನಲ್ಲಿ ತೆರೆಯುತ್ತದೆ ಎಂದು ಅಳೆಯುವುದಕ್ಕೆ ಇಲಾಖೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳನ್ನು ಎಲ್ಲರೂ ಗಡಿಯಾರ ಮೇಡಂ ಎನ್ನುತ್ತಿದ್ದರು. ನಲವತ್ತು ದಾಟಿದವಳು, ಮಾತು ಕಡಿಮೆ, ಮಾಡಿದ ಕೆಲಸವನ್ನು ಇನ್ನೊಮ್ಮೆ ಮಾಡಿ ನೋಡುವ ಸ್ವಭಾವ. ಒಂದು ಸಲ ಅಳೆದದ್ದು ಅದೃಷ್ಟ, ಹತ್ತು ಸಲ ಅಳೆದದ್ದು ಅಂದಾಜು, ತೊಂಬತ್ತು ಸಲ ಅಳೆದದ್ದು ಲೆಕ್ಕ ಎಂದು ಅವಳಿಗೆ ಕೆಲಸ ಕಲಿಸಿದವರು ಹೇಳಿಕೊಟ್ಟಿದ್ದರು. ಅದರಂತೆ ಅವಳು ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಯಂತ್ರ ಹಚ್ಚುತ್ತಿದ್ದಳು. ಯಂತ್ರವು ಪುಟವನ್ನು ತೊಂಬತ್ತು ಸಲ ತೆರೆದು ನೋಡಿ ಮಧ್ಯಾಹ್ನ ನಾಲ್ಕೂಕಾಲಿಗೆ ನಿಲ್ಲುತ್ತಿತ್ತು. ಮೂರು ನಿಮಿಷದ ನಿಯಮದಿಂದ ಯಂತ್ರಕ್ಕೆ ವಿನಾಯಿತಿ ಇತ್ತು, ಏಕೆಂದರೆ ಅದು ಸಾರ್ವಜನಿಕರಲ್ಲ. ಆ ಆರೂಕಾಲು ಗಂಟೆ ಕಚೇರಿಯಲ್ಲಿ ಬೇರೆ ಯಾರೂ ಇಂಟರ್ನೆಟ್ ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಅಳತೆ ತಪ್ಪುತ್ತಿತ್ತು. ಹೀಗಾಗಿ ಸೋಮವಾರಗಳಂದು ನಿರ್ದೇಶಕರು ತಮ್ಮ ಕೋಣೆಯಲ್ಲಿ ಮೆಚ್ಚುಗೆ ಪತ್ರವನ್ನು ನೋಡುತ್ತ ಕೂರಬೇಕಾಗುತ್ತಿತ್ತು.

ಪುಟ ತಡವಾಗುವುದು ಯಾಕೆಂದು ಮೇಡಂಗೆ ಗೊತ್ತಿತ್ತು. ಪುಟದ ಮೇಲ್ಭಾಗದಲ್ಲಿ ಹನ್ನೊಂದು ಗಣ್ಯರ ಭಾವಚಿತ್ರಗಳಿದ್ದವು. ತೆಗೆದವರು ನಿರ್ದೇಶಕರ ಭಾವಮೈದ, ವೃತ್ತಿಯಿಂದ ಫೋಟೋಗ್ರಾಫರ್. ಚಿತ್ರದ ಉದ್ದಗಲ ಹೆಚ್ಚಿದಷ್ಟೂ ಅವರ ದರವೂ ಹೆಚ್ಚುತ್ತಿದ್ದುದರಿಂದ ಅವರು ಒಂದೊಂದನ್ನೂ ಮೂರಂತಸ್ತಿನ ಗೋಡೆಗೆ ಹಾಕುವ ಅಳತೆಯಲ್ಲಿ ಕೊಟ್ಟಿದ್ದರು. ಪುಟದಲ್ಲಿ ಅವು ಕಾಣುತ್ತಿದ್ದುದು ಹೆಬ್ಬೆರಳ ಉಗುರಿನಷ್ಟು. ಆದರೆ ಬರುವುದು ಮಾತ್ರ ಗೋಡೆಯಷ್ಟೇ ಭಾರ ಹೊತ್ತು, ಕಿಟಕಿಯಲ್ಲಿ ಮಂಚ ತೂರಿಸಿದ ಹಾಗೆ. ಗಣ್ಯರಲ್ಲಿ ಮೂವರು ನಿವೃತ್ತರಾಗಿದ್ದರು, ಒಬ್ಬರು ತೀರಿಕೊಂಡಿದ್ದರು. ಒಬ್ಬರ ಚಿತ್ರವನ್ನು ಪುಟದಿಂದ ತೆಗೆದುಹಾಕಬೇಕಾದರೆ ಆ ಗಣ್ಯರದೇ ಲಿಖಿತ ಒಪ್ಪಿಗೆ ಬೇಕೆಂಬ ನಿಯಮವಿದ್ದು, ತೀರಿಕೊಂಡವರಿಗೆ ಬರೆದ ಪತ್ರಕ್ಕೆ ಉತ್ತರ ಬರುವುದು ಬಾಕಿ ಇತ್ತು.

ಮೇಡಂಗೆ ಈ ಪುಟದ ಜೊತೆ ಇನ್ನೊಂದು ಸಂಬಂಧವೂ ಇತ್ತು. ಅವಳನ್ನು ಸಾಕಿ ಬೆಳೆಸಿದ ದೊಡ್ಡಮ್ಮ ಅವಳ ಜೊತೆಗೇ ಇದ್ದರು. ದೊಡ್ಡಮ್ಮ ದರ್ಜಿ. ಐವತ್ತು ವರ್ಷ ಅಂಗಿಗಳಿಗೆ ಕಾಜಾ ಹಾಕಿದ ಕೈ. ಈಗ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಹಾಲಿನ ಗಾಜಿನ ಆಚೆ ನಿಂತ ಹಾಗೆ ಕಾಣುತ್ತಿದ್ದರು. ಆದರೂ ಅವರು ಹೊಲಿಗೆ ಬಿಟ್ಟಿರಲಿಲ್ಲ. ಸೂಜಿಗೆ ದಾರ ಪೋಣಿಸಿಕೊಡುವುದು ಮೇಡಂ ಕೆಲಸ; ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ ಇಪ್ಪತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಿದ್ದಳು. ಆಮೇಲೆ ಮೊಬೈಲಿನಲ್ಲಿ ತನ್ನದೇ ಇಲಾಖೆಯ ಪುಟ ತೆರೆದು ಕಾಯುತ್ತಿದ್ದಳು. ಏಳನೆಯ ಗಣ್ಯರು ಬಂದು ಎಂಟನೆಯವರು ಅರ್ಧ ಬರುವ ಹೊತ್ತಿಗೆ ಪುಟ ಮುಚ್ಚಿಕೊಳ್ಳುತ್ತಿತ್ತು.

ಅವಳು ದೊಡ್ಡಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಖಾಲಿ ವರಾಂಡದಲ್ಲಿ ಕೂತು ಗಿಡಕ್ಕೆ ನೀರು ಹಾಕುತ್ತಿದ್ದರು. ತಾನಿದ್ದೇನೆ, ನರ್ಸಿದ್ದಾರೆ, ಮೇಜಿದೆ, ಲೈಟಿದೆ, ದಿನಾಂಕದ ಸಂಖ್ಯೆ ಒಂದಿಲ್ಲದೆ ಯಾರನ್ನೂ ಮೇಜಿನ ಮೇಲೆ ಮಲಗಿಸುವಂತಿಲ್ಲ ಎಂದು ಹೇಳಿ, ಊರಿನವರ ಕಣ್ಣೆಲ್ಲ ಸರಿಹೋಗಿದೆ ಎಂದು ತಮ್ಮ ಹೆಸರಿನಲ್ಲೇ ವರದಿ ಹೋಗಿರುವುದನ್ನೂ ತೋರಿಸಿದರು.

ಹೀಗಿರುವಾಗ ಮೇಲಿನ ಕಚೇರಿಯಿಂದ ಒಂದು ಪತ್ರ ಬಂತು. ಇಪ್ಪತ್ತಮೂರು ಇಲಾಖೆಗಳು ತಮ್ಮ ಜಾಲಪುಟದ ಪರೀಕ್ಷೆಗೆ ಎಷ್ಟು ಕಾಲ ತೆಗೆದುಕೊಳ್ಳುತ್ತವೆ ಎಂದು ಪಟ್ಟಿ ಮಾಡಲಾಗಿ, ಈ ಇಲಾಖೆಯು ಆರು ಗಂಟೆ ಹದಿನೈದು ನಿಮಿಷದೊಂದಿಗೆ ಕಟ್ಟಕಡೆಯ ಸ್ಥಾನದಲ್ಲಿದೆ. ಸದರಿ ಅವಧಿಯನ್ನು ತಕ್ಷಣ ಕಡಿಮೆ ಮಾಡಿ ವರದಿ ಸಲ್ಲಿಸುವುದು. ಪಟ್ಟಿಯಲ್ಲಿ ಪರೀಕ್ಷೆಯ ಅವಧಿಗೆ ಒಂದು ಕಲಂ ಇತ್ತು. ಪರೀಕ್ಷೆಯಿಂದ ಏನು ತಿಳಿಯಿತು ಎಂಬುದಕ್ಕೆ ಕಲಂ ಇರಲಿಲ್ಲ.

ನಿರ್ದೇಶಕರು ಸಭೆ ಕರೆದರು. ಸಭೆಗೆ ಬಂದವರು ಮೇಡಂ, ಫೋಟೋಗ್ರಾಫರ್, ಮತ್ತು ಕಚೇರಿಯ ಅಧೀಕ್ಷಕರು. ಈ ಅಧೀಕ್ಷಕರು ಯಾವ ಮಾತು ಬಂದರೂ ಅದಕ್ಕೊಂದು ಉಪನಿಯಮ ಹೇಳುತ್ತಿದ್ದರಿಂದ ಅವರ ಹೆಸರೇ ಉಪನಿಯಮದವರು ಎಂದಾಗಿತ್ತು. ಮನೆಯಲ್ಲಿ ಹೆಂಡತಿಯೂ ಹಾಗೇ ಕರೆಯುತ್ತಾರೆ ಎಂಬ ಮಾತಿತ್ತು.

ಮೇಡಂ ಒಂದು ಹಾಳೆಯಲ್ಲಿ ಲೆಕ್ಕ ಬರೆದುಕೊಂಡು ಬಂದಿದ್ದಳು. ಪರೀಕ್ಷೆ ಉದ್ದವಾಗಿರುವುದು ಪುಟ ನಿಧಾನವಾಗಿರುವುದರಿಂದ. ಹನ್ನೊಂದು ಚಿತ್ರಗಳನ್ನು ಕುಗ್ಗಿಸಿ ಹಾಕಿದರೆ ಪುಟ ನಾಲ್ಕು ಸೆಕೆಂಡಿಗೆ ತೆರೆಯುತ್ತದೆ. ಆಗ ತೊಂಬತ್ತು ಸಲ ತೆರೆದರೂ ಪರೀಕ್ಷೆ ಆರು ನಿಮಿಷಕ್ಕೆ ಮುಗಿಯುತ್ತದೆ. ಕುಗ್ಗಿಸುವುದಕ್ಕೆ ತನಗೆ ಮಧ್ಯಾಹ್ನ ಊಟದ ಹೊತ್ತು ಸಾಕು ಎಂದೂ ಹೇಳಿದಳು.

ಫೋಟೋಗ್ರಾಫರ್ ಕನ್ನಡಕ ತೆಗೆದು ಒರೆಸಿಕೊಂಡರು. ಗಣ್ಯರನ್ನು ಕುಗ್ಗಿಸುವುದು ಎಂಬ ಪದವೇ ಕಡತದಲ್ಲಿ ಬರಬಾರದು ಎಂದು ಉಪನಿಯಮದವರು ಮೆಲ್ಲಗೆ ಹೇಳಿದರು.

“ನೋಡಿ ಮೇಡಂ,” ಎಂದರು ನಿರ್ದೇಶಕರು. ಅವರೇನೂ ಕೆಟ್ಟವರಲ್ಲ, ನಿವೃತ್ತಿಗೆ ಒಂದು ವರ್ಷ ಉಳಿದಿತ್ತು ಅಷ್ಟೆ. “ನಮಗೆ ಬಂದಿರೋ ಪತ್ರ ಪರೀಕ್ಷೆ ಬಗ್ಗೆ. ಪುಟದ ಬಗ್ಗೆ ಅಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡೋಣ.”

ಅದರಂತೆ ತೊಂಬತ್ತು ಸಲ ಎಂಬುದನ್ನು ಒಂಬತ್ತು ಸಲ ಎಂದು ತಿದ್ದಲಾಯಿತು. ಒಂದು ಸೊನ್ನೆ ಹೊಡೆದುಹಾಕಿದ್ದರಿಂದ ಹೊಸ ಆದೇಶದ ಅಗತ್ಯ ಬೀಳಲಿಲ್ಲ. ಪರೀಕ್ಷೆ ಮೂವತ್ತೇಳೂವರೆ ನಿಮಿಷಕ್ಕೆ ಇಳಿಯಿತು. ಮುಂದಿನ ಪಟ್ಟಿಯಲ್ಲಿ ಇಲಾಖೆ ಹದಿನೆಂಟನೆಯ ಸ್ಥಾನಕ್ಕೆ ಏರಿತು. ನಿರ್ದೇಶಕರಿಗೆ ರುಚಿ ಹತ್ತಿತು. ಒಂಬತ್ತು ಒಂದಾಯಿತು, ಪರೀಕ್ಷೆ ನಾಲ್ಕು ನಿಮಿಷ ಹತ್ತು ಸೆಕೆಂಡಿಗೆ ಬಂತು, ಸ್ಥಾನ ಒಂಬತ್ತಕ್ಕೆ ಬಂತು. ಅಷ್ಟರಲ್ಲಿ ಬೀದಿದೀಪ ಇಲಾಖೆಯವರು ಹತ್ತು ಸೆಕೆಂಡಿನಲ್ಲಿ ಪರೀಕ್ಷೆ ಮುಗಿಸುತ್ತಾರೆಂಬ ಸುದ್ದಿ ಬಂದು, ನಿರ್ದೇಶಕರಿಗೆ ಊಟ ಸೇರದಂತಾಯಿತು.

ಎರಡನೆಯ ಸಭೆಯಲ್ಲಿ ದಾರಿ ತೋರಿಸಿದವರು ಉಪನಿಯಮದವರು. ಪರೀಕ್ಷೆಗೆ ಅಡ್ಡಿಯಾಗುವ ವಸ್ತುಗಳನ್ನು ಪರೀಕ್ಷಾ ಸ್ಥಳದಿಂದ ದೂರವಿಡತಕ್ಕದ್ದು ಎಂದು ಹಳೆಯ ಒಂದು ಉಪನಿಯಮವಿತ್ತು. ಅದು ಕೊಠಡಿಯ ಫ್ಯಾನಿನ ವಿಚಾರದಲ್ಲಿ ಮಾಡಿದ್ದು. ಆದರೆ ಹಾಗೆಂದು ಎಲ್ಲೂ ಬರೆದಿರಲಿಲ್ಲ. ಆದ್ದರಿಂದ ಪರೀಕ್ಷೆಗೆಂದೇ ಒಂದು ಬೇರೆ ಪುಟ ಮಾಡುವುದು, ಅದರಲ್ಲಿ ಭಾವಚಿತ್ರಗಳನ್ನು ಬಿಡುವುದು, ಉಳಿದಂತೆ ಅದು ಎಲ್ಲ ರೀತಿಯಲ್ಲೂ ಅಸಲು ಪುಟದಂತೆಯೇ ಇರುವುದು ಎಂದು ತೀರ್ಮಾನವಾಯಿತು. ಗಣ್ಯರಿಗೂ ಅಗೌರವವಿಲ್ಲ, ಪರೀಕ್ಷೆಗೂ ಅಡ್ಡಿಯಿಲ್ಲ. ಫೋಟೋಗ್ರಾಫರ್ ಎಲ್ಲರಿಗಿಂತ ಮೊದಲು ಒಪ್ಪಿದರು.

ಮೇಡಂ ಹೇಳಿದ ಹಾಗೆ ಮಾಡಿದಳು. ಎಲ್ಲ ರೀತಿಯಲ್ಲೂ ಎಂದು ಆದೇಶದಲ್ಲಿ ಇದ್ದುದರಿಂದ ಹೆಸರು ಬರೆಯುವ ಜಾಗ, ವಯಸ್ಸು, ಯಾವ ಕಣ್ಣು, ದಿನಾಂಕ ಕೊಡುವ ಗುಂಡಿ ಎಲ್ಲವನ್ನೂ ಹಾಗೆಹಾಗೇ ಇಟ್ಟಳು. ಸೋಮವಾರ ಹತ್ತಕ್ಕೆ ಯಂತ್ರ ಹಚ್ಚಿದಳು. ಹತ್ತು ಗಂಟೆ ನಾಲ್ಕು ಸೆಕೆಂಡಿಗೆ ಪರೀಕ್ಷೆ ಮುಗಿಯಿತು. ಇಲಾಖೆ ಮೊದಲ ಸ್ಥಾನಕ್ಕೆ ಬಂತು. ನಿರ್ದೇಶಕರನ್ನು ವೇದಿಕೆಗೆ ಕರೆದು ಫಲಕ ಕೊಟ್ಟರು, ಅದರ ಫೋಟೋವನ್ನು ಭಾವಮೈದನೇ ತೆಗೆದರು, ಹನ್ನೆರಡನೆಯ ಭಾವಚಿತ್ರವಾಗಿ ಅದು ಅಸಲು ಪುಟಕ್ಕೆ ಸೇರಿತು. ಅಸಲು ಪುಟ ಈಗ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂಬುದು ಯಾರಿಗೂ ತಿಳಿಯದು, ಏಕೆಂದರೆ ಅದನ್ನು ಅಳೆಯುವುದು ನಿಂತಿತ್ತು.

ಮೇಡಂಗೆ ಈಗ ಸೋಮವಾರ ಪೂರ್ತಿ ಬಿಡುವು. ಅಂಥ ಒಂದು ಸೋಮವಾರ ಅವಳು ಊಟದ ಡಬ್ಬಿಯನ್ನು ಮನೆಯಲ್ಲೇ ಮರೆತು ಬಂದಿದ್ದಳು. ದೊಡ್ಡಮ್ಮ ಅದನ್ನು ಹಿಡಿದುಕೊಂಡು, ಗೋಡೆ ಸವರುತ್ತ, ಸಿಕ್ಕಿದವರನ್ನೆಲ್ಲ ಕೇಳುತ್ತ, ಎರಡು ಬೀದಿ ದಾಟಿ ಕಚೇರಿಗೆ ಬಂದುಬಿಟ್ಟರು. ಮೊಣಕೈ ತರಚಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತರು. ತೆರೆಯ ಮೇಲೆ ಪರೀಕ್ಷಾ ಪುಟ ತೆರೆದೇ ಇತ್ತು.

ಮೇಡಂ ತರಚಿದ ಮೊಣಕೈಯನ್ನು ನೋಡಿದಳು. ಬಾಗಿಲ ಕಡೆ ನೋಡಿದಳು. ಆಮೇಲೆ ದೊಡ್ಡಮ್ಮನ ಹೆಸರು ಬರೆದಳು, ವಯಸ್ಸು ಬರೆದಳು, ಯಾವ ಕಣ್ಣು ಎಂಬಲ್ಲಿ ಎರಡೂ ಎಂದು ಬರೆದು ಗುಂಡಿ ಒತ್ತಿದಳು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅವಳು ಕಚೇರಿಯ ಒಂದು ಗುಂಡುಸೂಜಿಯನ್ನೂ ಮನೆಗೆ ಒಯ್ದವಳಲ್ಲ. ನಾಲ್ಕು ಸೆಕೆಂಡಿಗೆ ದಿನಾಂಕ ಬಂತು. ಗುರುವಾರ, ಬೆಳಿಗ್ಗೆ ಒಂಬತ್ತು.

ಗುರುವಾರ ಡಾಕ್ಟರು ಸಂಖ್ಯೆಯನ್ನು ಮೂರು ಸಲ ಓದಿ, ನರ್ಸನ್ನು ಕರೆದು ತೋರಿಸಿ, ಕೈ ತೊಳೆಯಲು ಹೋದರು. ಒಂದು ಕಣ್ಣು ಆ ವಾರ, ಇನ್ನೊಂದು ಎರಡು ವಾರ ಬಿಟ್ಟು. ಕಣ್ಣಿಗೆ ಕಟ್ಟಿದ್ದ ಪಟ್ಟಿ ಬಿಚ್ಚಿದ ಮೇಲೆ ದೊಡ್ಡಮ್ಮ ತುಂಬ ಹೊತ್ತು ಮೇಡಂ ಮುಖವನ್ನೇ ನೋಡಿದರು.

“ನಿನ್ನ ಕಿವಿ ಹತ್ರ ಕೂದಲು ಬೆಳ್ಳಗಾಗಿದೆಯಲ್ಲೇ. ಯಾವಾಗಿಂದ?”

“ಎರಡು ವರ್ಷ ಆಯ್ತು ದೊಡ್ಡಮ್ಮ.”

“ನನಗೆ ಯಾರೂ ಹೇಳಲೇ ಇಲ್ಲ,” ಎಂದರು ದೊಡ್ಡಮ್ಮ.

ಗುಟ್ಟು ಉಳಿಯುವುದು ಒಬ್ಬರಿಗೇ ಗೊತ್ತಿದ್ದಾಗ. ದೊಡ್ಡಮ್ಮನಿಗೆ ಕಣ್ಣು ಬಂದದ್ದು ಬೀದಿಗೆಲ್ಲ ಕಾಣುತ್ತಿತ್ತು. ಮೊದಲು ಪಕ್ಕದ ಮನೆಯ ಬಸ್ ಚಾಲಕರು ಬಂದರು; ಕಣ್ಣು ಮಂಜಾದುದನ್ನು ಮುಚ್ಚಿಟ್ಟುಕೊಂಡು ಅವರು ಇನ್ನೂ ಬಸ್ ಓಡಿಸುತ್ತಿದ್ದಾರೆಂದು ತಿಳಿದ ಮೇಲೆ ಮೇಡಂಗೆ ಇಲ್ಲ ಎನ್ನಲಾಗಲಿಲ್ಲ. ಆಮೇಲೆ ಚಾಲಕರ ಅತ್ತೆ, ಔಷಧಿ ಅಂಗಡಿಯವರು, ಗಡಿಯಾರ ರಿಪೇರಿಯವರು. ಎರಡು ತಿಂಗಳಲ್ಲಿ ನಲವತ್ತು ಜನಕ್ಕೆ ದಿನಾಂಕ ಸಿಕ್ಕಿತು. ಡಾಕ್ಟರ ಗಿಡಗಳು ನೀರಿಲ್ಲದೆ ಒಣಗಿದವು.

ಮೇಲಿನ ಕಚೇರಿಯಿಂದ ಫೋನು ಬಂತು. ಸೊನ್ನೆ ಇದ್ದ ಸರದಿ ನಲವತ್ತಕ್ಕೆ ಏರಿರುವುದು ಹೇಗೆ, ಪ್ರಗತಿ ಸಾಧಿಸಿದ ಇಲಾಖೆಯಲ್ಲಿ ಈ ಹಿನ್ನಡೆಗೆ ಯಾರು ಹೊಣೆ ಎಂದು ಕೇಳಿದರು. ಮೂರು ದಿನದಲ್ಲಿ ಮೇಡಂಗೆ ಆರೋಪ ಪತ್ರ ತಲುಪಿತು. ಅದರಲ್ಲಿ ಇದ್ದ ಆರೋಪ ಒಂದೇ: ಪರೀಕ್ಷೆಗೆಂದು ಮೀಸಲಾಗಿದ್ದ ಪುಟದಿಂದ ಸಾರ್ವಜನಿಕರಿಗೆ ಉಪಯೋಗವಾಗಲು ಅವಕಾಶ ಮಾಡಿಕೊಟ್ಟಿರುತ್ತೀರಿ.

ವಿಚಾರಣೆಯ ದಿನ ನಿರ್ದೇಶಕರ ಮುಖ ಕಳೆಗುಂದಿತ್ತು. ಮೇಡಂ ಏನನ್ನೂ ಮುಚ್ಚಿಡಲಿಲ್ಲ. ನಲವತ್ತು ಹೆಸರನ್ನೂ ದಿನಾಂಕ ಸಮೇತ ಬರೆದು ತಂದಿದ್ದಳು. ಮೊದಲ ಹೆಸರು ತನ್ನ ದೊಡ್ಡಮ್ಮನದು ಎಂದೂ ಹೇಳಿದಳು.

“ಯಾಕೆ ಹೀಗೆ ಮಾಡಿದ್ರಿ ಮೇಡಂ? ನಿಮ್ಮಂಥವರು?” ನಿರ್ದೇಶಕರ ದನಿಯಲ್ಲಿ ನಿಜಕ್ಕೂ ನೋವಿತ್ತು.

“ಪುಟ ಕೆಲಸ ಮಾಡ್ತಿತ್ತು ಸರ್,” ಎಂದಳು ಮೇಡಂ. “ಕೆಲಸ ಮಾಡೋ ಪುಟಾನ ಸುಮ್ಮನೆ ನೋಡ್ತಾ ಕೂರೋಕೆ ಆಗಲಿಲ್ಲ.”

ಈ ಉತ್ತರವನ್ನು ನಡವಳಿಯಲ್ಲಿ ಹೇಗೆ ಬರೆಯುವುದು ಎಂದು ತಿಳಿಯದೆ ಗುಮಾಸ್ತರು ಪೆನ್ನು ಎತ್ತಿ ಹಿಡಿದರು. ಮೇಡಂ ಕೆಲಸ ಕಳೆದುಕೊಂಡು ಮನೆಗೆ ಹೋಗುವುದು ಖಚಿತ ಎಂದು ಎಲ್ಲರೂ ಅಂದುಕೊಂಡರು. ಆದರೆ ಅವಳು ಹೋದರೆ ತಪ್ಪು ನಡೆದದ್ದು ನಿಜವೆಂದಾಗಿ ವರದಿಯಲ್ಲಿ ನಲವತ್ತು ಉಳಿಯುತ್ತಿತ್ತು, ನಲವತ್ತು ಉಳಿದರೆ ಫಲಕ ವಾಪಸು ಹೋಗುತ್ತಿತ್ತು, ಫಲಕ ಹೋದರೆ ಹನ್ನೆರಡನೆಯ ಭಾವಚಿತ್ರದಲ್ಲಿ ನಿರ್ದೇಶಕರು ಬರಿಗೈಯಲ್ಲಿ ನಿಲ್ಲಬೇಕಾಗುತ್ತಿತ್ತು.

ಮತ್ತೆ ಕಾಪಾಡಿದವರು ಉಪನಿಯಮದವರೇ. ಅವರು ಎರಡು ದಿನ ರಜೆ ಹಾಕಿ ನಿಯಮಗಳ ಪುಸ್ತಕ ಓದಿ ಬಂದಿದ್ದರು. ಪರೀಕ್ಷಾ ಪುಟವನ್ನು ಬಳಸಿದವನು ರೋಗಿಯಾಗಲಾರ, ಪರೀಕ್ಷಕನೇ ಆಗತಕ್ಕದ್ದು ಎಂಬುದು ಅವರ ವಾದ. ಆದ್ದರಿಂದ ನಲವತ್ತು ಜನರನ್ನೂ ಹಿಂದಿನ ದಿನಾಂಕದಿಂದ ಹಂಗಾಮಿ ಪುಟ ಪರೀಕ್ಷಕರೆಂದು ನೇಮಿಸಿಕೊಂಡರೆ, ಸರದಿಯಲ್ಲಿ ಯಾರೂ ಇರಲಿಲ್ಲ, ಯಾರೂ ಇಲ್ಲ. ಅವರ ಕಣ್ಣಿಗೆ ಆಗಿರುವುದು ಶಸ್ತ್ರಚಿಕಿತ್ಸೆಯಲ್ಲ, ದಿನಾಂಕ ಸರಿಯಾಗಿ ಬಂದಿದೆಯೇ ಎಂದು ನೋಡುವ ಪರೀಕ್ಷೆಯ ಮುಂದುವರಿದ ಭಾಗ.

ಆದೇಶ ಅಂದೇ ಹೊರಟಿತು. ಮೇಡಂ ಮೇಲಿನ ಆರೋಪ ಕೈಬಿಡಲಾಯಿತು. ನಲವತ್ತು ಜನರನ್ನು ಬಿಟ್ಟಿ ನೇಮಿಸಿಕೊಂಡು ಇಲಾಖೆಗೆ ಉಳಿತಾಯ ಮಾಡಿದ್ದಕ್ಕೆ ಒಂದು ಸಾಲಿನ ಮೆಚ್ಚುಗೆಯನ್ನೂ ಸೇರಿಸಲಾಯಿತು. ಮುಂದೆ ಯಾರೇ ಪರೀಕ್ಷಾ ಪುಟ ಮುಟ್ಟಬೇಕಾದರೂ ಹಂಗಾಮಿ ಪರೀಕ್ಷಕರಾಗಿ ನೇಮಕವಾಗಿರತಕ್ಕದ್ದು ಎಂದೂ, ಅಂಥವರ ದೃಷ್ಟಿ ಸರಿಯಾಗಿದೆ ಎಂದು ಕಣ್ಣಿನ ಡಾಕ್ಟರಿಂದ ಪ್ರಮಾಣಪತ್ರ ತರತಕ್ಕದ್ದು ಎಂದೂ ಷರತ್ತು ಬಂತು.

ಹೀಗಾಗಿ ಪೊರೆ ಬಂದವರು ಪುಟ ಮುಟ್ಟುವಂತಿರಲಿಲ್ಲ. ಪೊರೆ ತೆಗೆಸಿಕೊಂಡವರು ಮುಟ್ಟಬಹುದಿತ್ತು. ನಲವತ್ತು ಜನರೂ ಡಾಕ್ಟರಿಂದ ಪ್ರಮಾಣಪತ್ರ ತಂದರು. ಮೇಡಂ ಕೋಣೆಯ ಹೊರಗೆ ಅವರಿಗೆಂದು ಎರಡು ಬೆಂಚು ಹಾಕಿಸಲಾಯಿತು, ಕುತ್ತಿಗೆಗೆ ಹಾಕಿಕೊಳ್ಳುವ ಗುರುತಿನ ಚೀಟಿ ಕೊಡಲಾಯಿತು, ಹನ್ನೊಂದಕ್ಕೆ ಟೀ. ಪರೀಕ್ಷೆಗೆ ಯಾವುದಾದರೂ ಹೆಸರು ಹಾಕಲೇಬೇಕಾದ್ದರಿಂದ, ಕಣ್ಣು ಕಾಣದವರು ಬಂದು ತಮ್ಮ ಹೆಸರನ್ನು ಮಾದರಿ ಹೆಸರಾಗಿ ಕೊಟ್ಟುಹೋಗುತ್ತಿದ್ದರು. ಪರೀಕ್ಷಕರು ಆ ಹೆಸರು ಬರೆದು ಗುಂಡಿ ಒತ್ತುತ್ತಿದ್ದರು. ಬಂದ ದಿನಾಂಕವನ್ನು ಹಾಳೆಯಲ್ಲಿ ಬರೆದು ಹರಿದುಕೊಟ್ಟರೆ ಡಾಕ್ಟರು ಮಾದರಿ ಕಣ್ಣು ಎಂದು ಬರೆದುಕೊಂಡು ಪೊರೆ ತೆಗೆಯುತ್ತಿದ್ದರು. ವರ್ಷದ ಕೊನೆಗೆ ಮಾದರಿ ಕಣ್ಣುಗಳು ಒಂದು ಸಾವಿರದ ನೂರು. ಸರದಿಯಲ್ಲಿ ಕಾಯುತ್ತಿರುವವರು ಸೊನ್ನೆ. ಪರೀಕ್ಷೆಯ ಅವಧಿ ನಾಲ್ಕು ಸೆಕೆಂಡು.

ದೊಡ್ಡಮ್ಮ ಹಿರಿಯ ಪರೀಕ್ಷಕಿಯಾದರು. ಹೊಲಿಗೆಯನ್ನು ಸಂಜೆಗೆ ಇಟ್ಟುಕೊಂಡು, ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬೆಂಚಿನ ತುದಿಯಲ್ಲಿ ಹಾಜರಿರುತ್ತಿದ್ದರು. ತಡವಾಗಿ ಬಂದವರನ್ನು ಗದರುತ್ತಿದ್ದರು. ಬಸ್ ಚಾಲಕರು ಒಮ್ಮೆ ಗುರುತಿನ ಚೀಟಿ ಮರೆತು ಬಂದಾಗ ಅವರನ್ನು ಮನೆಗೆ ಕಳಿಸಿದ್ದರು. ಬೀದಿಯಲ್ಲಿ ಜನ ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದರು, ಐವತ್ತು ವರ್ಷ ಕಾಜಾ ಹಾಕಿದಾಗ ಯಾರೂ ಹಾಗೆ ನಿಂತಿರಲಿಲ್ಲ.

ಒಂದು ದಿನ ಮಾದರಿ ಹೆಸರು ಕೊಡಲು ನಕ್ಷೆ ಬರೆಯುವ ಕೆಲಸದಿಂದ ನಿವೃತ್ತರಾದ ಒಬ್ಬರು ಬಂದರು. ಮಗಳ ಕೈ ಹಿಡಿದು ಬಂದಿದ್ದರು. ಕಣ್ಣು ಕಾಣದಿದ್ದರೂ ಎಲ್ಲವನ್ನೂ ಕೇಳಿ ತಿಳಿದುಕೊಳ್ಳುವ ಅಭ್ಯಾಸದವರು. ಮೇಡಂ ಅವರಿಗೆ ಎರಡು ಪುಟಗಳ ಕತೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಅಸಲು ಪುಟದಿಂದ ಆ ಚಿತ್ರಗಳನ್ನು ತೆಗೆದುಬಿಟ್ಟರೆ ಎಲ್ಲರೂ ಮನೆಯಲ್ಲೇ ಕೂತು ದಿನಾಂಕ ತೆಗೆದುಕೊಳ್ಳಬಹುದಲ್ಲ, ಇಷ್ಟು ದೂರ ಬರುವುದು ಯಾಕೆ ಎಂದು ಕೇಳಿದರು.

ಮೇಡಂ ಬಾಯಿ ತೆರೆದಳು. ಏಳು ವರ್ಷದ ಹುಡುಗಿಯಾಗಿದ್ದಾಗಿನಿಂದ ತನ್ನನ್ನು ಸಾಕಿದ ಹೆಂಗಸು ಬೆಂಚಿನಿಂದ ಎದ್ದು ನಿಂತದ್ದನ್ನು ಕಂಡು ಸುಮ್ಮನಾದಳು.

“ಚಿತ್ರ ತೆಗೆದರೆ,” ಎಂದರು ದೊಡ್ಡಮ್ಮ, ಚೀಟಿಯನ್ನು ಎದೆಯ ಮೇಲೆ ನೇರ ಮಾಡಿಕೊಳ್ಳುತ್ತ, “ನಾವಿಷ್ಟು ಜನ ಎಲ್ಲಿಗೆ ಹೋಗಬೇಕಪ್ಪ?”

ಬೆಂಚಿನ ಮೇಲಿದ್ದವರು ತಲೆಯಾಡಿಸಿದರು. ನಕ್ಷೆ ಕೆಲಸದವರಿಗೂ ಅದು ನ್ಯಾಯವೆಂದೇ ಕಂಡಿತು. ತಪ್ಪು ತಿಳಿಯಬಾರದು ಎಂದು ಕೇಳಿಕೊಂಡು, ತಮ್ಮ ಕಣ್ಣು ಸರಿಹೋದ ಮೇಲೆ ಬೆಂಚಿನಲ್ಲಿ ತಮಗೂ ಒಂದು ಜಾಗ ಸಿಗಬಹುದೇ ಎಂದು ವಿಚಾರಿಸಿದರು. ದೊಡ್ಡಮ್ಮ ಅರ್ಜಿ ಕೊಡಲು ಹೇಳಿದರು.